ಕೀಲಿಮಣೆಯ ಒಳದಾರಿಗಳು

ಭೋಜ ಗ್ರಾಮವು ತಾನಿದ್ದ ಸ್ಥಳದಿಂದ ಒಂದಂಗುಲವೂ ಕದಲಿರಲಿಲ್ಲ. ವೇದಗಂಗೆ, ದೂಧಗಂಗೆಗಳು ಹಿಂದಿನಂತೆಯೇ ಅದರ ಬಳಿ ಕೂಡಿಕೊಂಡು ಕೃಷ್ಣೆಯನ್ನು ಅರಸುತ್ತ ಸಾಗಿದ್ದುವು. ಚಾರಿತ್ರಚಕ್ರವರ್ತಿ ಶಾಂತಿಸಾಗರ ಮುನಿಗಳ ಊರೆಂದು ಭಕ್ತಿಯಿಂದ ಬರುವ ಯಾತ್ರಿಕರಿಗೂ ಹಳೆಯ ಹಾದಿಯೇ ಹಾದಿಯಾಗಿತ್ತು. ಆದರೂ 2017ರ ರಾಜ್ಯ ಮುಂಗಡಪತ್ರದಲ್ಲಿ ಹೊಸ ತಾಲ್ಲೂಕುಗಳು ಘೋಷಿತವಾಗಿ, ಅನಂತರ ನಿಪ್ಪಾಣಿ ತಾಲ್ಲೂಕು ಕಾರ್ಯರೂಪಕ್ಕೆ ಬಂದಾಗ, ಊರಿನ ವಿಳಾಸ ಮಾತ್ರ ಬದಲಾಯಿತು. ನಿನ್ನೆಯವರೆಗೆ 'ಭೋಜ, ಚಿಕ್ಕೋಡಿ ತಾಲ್ಲೂಕು' ಎಂದಿದ್ದುದು ಇನ್ನು ಮೇಲೆ 'ಭೋಜ, ನಿಪ್ಪಾಣಿ ತಾಲ್ಲೂಕು' ಎಂದಾಗಬೇಕು.

ಒಂದು ತಾಲ್ಲೂಕು ಹುಟ್ಟುವುದೆಂದರೆ ಕಚೇರಿಗೊಂದು ಕಟ್ಟಡ, ತಹಶೀಲ್ದಾರರಿಗೊಂದು ಕುರ್ಚಿ, ಇಷ್ಟೇ ಎಂದು ನಾವು ಭಾವಿಸುತ್ತೇವೆ. ಅದರ ಹಿಂದೆ ಎಷ್ಟು ಬೆರಳುಗಳು ಸವೆಯುತ್ತವೆ ಎಂಬುದು ಪತ್ರಿಕೆಗಳಲ್ಲಿ ಬರುವುದಿಲ್ಲ. ಅಂಥ ಊರಿನ ಯಾವುದಾದರೊಂದು ಸಂಘದ ಗುಮಾಸ್ತರನ್ನು ಕಲ್ಪಿಸಿಕೊಳ್ಳಿ. ಗಣಕಯಂತ್ರದಲ್ಲಿ 300 ಮಂದಿ ಸದಸ್ಯರ ಯಾದಿ ಇದೆ. ಪ್ರತಿಯೊಂದು ಹೆಸರಿನ ಕೆಳಗೂ ಹಳೆಯ ತಾಲ್ಲೂಕು. ಗುಮಾಸ್ತರು ಮೌಸನ್ನು ಹಿಡಿದು 'ಚಿಕ್ಕೋಡಿ' ಎಂಬ ಪದವನ್ನು ಗುರುತಿಸುತ್ತಾರೆ, ಅಳಿಸುತ್ತಾರೆ, 'ನಿಪ್ಪಾಣಿ' ಎಂದು ಬರೆಯುತ್ತಾರೆ, ಮುಂದಿನ ಸಾಲಿಗೆ ಇಳಿಯುತ್ತಾರೆ. ನಲವತ್ತನೆಯ ಸಾಲಿಗೆ ಬರುವಷ್ಟರಲ್ಲಿ ಹೆಗಲು ಸೆಳೆಯತೊಡಗುತ್ತದೆ. ಅಷ್ಟರಲ್ಲಿ ಕಾಲೇಜಿನಿಂದ ಬಂದ ಅಣ್ಣನ ಮಗಳು ಹಿಂದೆ ನಿಂತು ನೋಡುತ್ತಾಳೆ.

"ಕಾಕಾ, ಒಂದೊಂದ ಯಾಕ ಅಳಸಾಕತ್ತೀರಿ? ಕಂಟ್ರೋಲ್ ಹಿಡದು ಎಚ್ ಒತ್ರಿ."

ಒತ್ತುತ್ತಾರೆ. ಚಿಕ್ಕದೊಂದು ಕಿಟಕಿ ತೆರೆಯುತ್ತದೆ. ಮೇಲಿನ ಮನೆಯಲ್ಲಿ ಹಳೆಯ ಪದ, ಕೆಳಗಿನ ಮನೆಯಲ್ಲಿ ಹೊಸ ಪದ. ಮುನ್ನೂರು ಸಾಲಿನ ಕೆಲಸ ಕ್ಷಣಾರ್ಧದಲ್ಲಿ ಮುಗಿಯುತ್ತದೆ.

"ಇದನ್ನ ಮೊದಲ ಯಾಕ ಹೇಳಲಿಲ್ಲವಾ ನೀ?"

"ನೀವು ಕೇಳಲಿಲ್ಲಲ್ರಿ ಕಾಕಾ."

ಇಲ್ಲಿಯೇ ಇರುವುದು ಪ್ರಶ್ನೆ. ಇದೆಯೆಂದೇ ಗೊತ್ತಿಲ್ಲದ ವಸ್ತುವನ್ನು ಮನುಷ್ಯನು ಕೇಳುವುದಾದರೂ ಹೇಗೆ? ಯಂತ್ರದ ಒಡಲಿನಲ್ಲಿ ಆ ಸೌಕರ್ಯವು ಮೊದಲಿನಿಂದಲೂ ಇತ್ತು. ಅದಕ್ಕಾಗಿ ಬೇರೆ ಹಣ ತೆರಬೇಕಾಗಿರಲಿಲ್ಲ. ಇಷ್ಟಿದ್ದೂ ಗುಮಾಸ್ತರ ಹೆಗಲು ನೋಯಿತು. ತಪ್ಪು ಅವರದೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಸಂಗ ಬಂದುದರಿಂದ ಇದೇ ಉದಾಹರಣೆಯನ್ನು ಇನ್ನಷ್ಟು ಬಿಡಿಸಿ ನೋಡೋಣ. ಮನೆಯಲ್ಲಿ ಯಾದಿಗಳನ್ನು ಇಟ್ಟುಕೊಳ್ಳುವವರಿಗೆ ಉಪಯೋಗವಾದೀತು. 'ಚಿಕ್ಕೋಡಿ' ಎಂಬ ಒಂದೇ ಪದವನ್ನು ಕೊಟ್ಟು ಎಲ್ಲವನ್ನೂ ಬದಲಿಸು ಎಂದು ಅಪ್ಪಣೆ ಮಾಡಿದರೆ ಯಂತ್ರವು ವಿವೇಚನೆಯಿಲ್ಲದೆ 'ಚಿಕ್ಕೋಡಿ ಲೋಕಸಭಾ ಕ್ಷೇತ್ರ'ವನ್ನೂ ನಿಪ್ಪಾಣಿಗೆ ವರ್ಗಾಯಿಸಿಬಿಡುತ್ತದೆ. ಭಾರತದ ಚುನಾವಣಾ ಆಯೋಗಕ್ಕೂ ಇಲ್ಲದ ಧೈರ್ಯ ಅದಕ್ಕಿದೆ! 'ಚಿಕ್ಕೋಡಿ ತಾಲ್ಲೂಕು' ಎಂದು ಪೂರ್ತಿಯಾಗಿ ಕೊಟ್ಟರೆ ಇನ್ನೊಂದು ತೊಡಕು. ಕೆಲವರು 'ತಾಲೂಕು' ಎಂದು ಬರೆದಿರುತ್ತಾರೆ, ಕೆಲವೆಡೆ ವಿಭಕ್ತಿ ಸೇರಿ 'ತಾಲ್ಲೂಕಿನ' ಎಂದಾಗಿರುತ್ತದೆ, ಅವಸರದವರು 'ತಾ.' ಎಂದು ಚುಕ್ಕೆಯಿಟ್ಟು ಮುಗಿಸಿರುತ್ತಾರೆ. ಇವೆಲ್ಲವೂ ಒಂದೇ ಎಂಬುದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಆದುದರಿಂದ ಜಾಣತನವೆಂದರೆ ಮೇಲಿನ ಮನೆಯಲ್ಲಿ 'ಚಿಕ್ಕೋಡಿ ತಾ' ಎಂದೂ ಕೆಳಗಿನ ಮನೆಯಲ್ಲಿ 'ನಿಪ್ಪಾಣಿ ತಾ' ಎಂದೂ ಅಷ್ಟೇ ಬರೆಯುವುದು. ಉಳಿದ ಬಾಲವು ತಾನಾಗಿಯೇ ಹಿಂದೆ ಬರುತ್ತದೆ. ಈಗಲೂ ಚಿಕ್ಕೋಡಿ ತಾಲ್ಲೂಕಿನಲ್ಲಿಯೇ ಉಳಿದಿರುವ ಊರಿನ ಸದಸ್ಯರು ಯಾದಿಯಲ್ಲಿದ್ದರೆ 'ಎಲ್ಲವನ್ನೂ ಬದಲಿಸು' ಎನ್ನದೆ ಒಂದೊಂದನ್ನೇ ನೋಡಿ ಒಪ್ಪಿಗೆ ಕೊಡುತ್ತ ಹೋಗಬೇಕು. ಕೈತಪ್ಪಿದರೆ ಕಂಟ್ರೋಲ್ ಮತ್ತು ಜ಼ೆಡ್ ಕೀಲಿಗಳು ಮಾಡಿದ್ದನ್ನು ಅಳಿಸಿ ಹಿಂದಿನ ಸ್ಥಿತಿಗೆ ಒಯ್ಯುತ್ತವೆ. ಆದರೆ ಹಳೆಯ ನೋಟ್‌ಪ್ಯಾಡಿನಲ್ಲಿ ಹೀಗೆ ಹಿಂದಕ್ಕೆ ಹೋಗಲು ಒಂದೇ ಹೆಜ್ಜೆಯ ಅವಕಾಶವಿತ್ತು. ಎರಡನೆಯ ಸಲ ಒತ್ತಿದರೆ ಅಳಿಸಿದ್ದೇ ಮರಳಿ ಬಂದು ಕೂಡುತ್ತಿತ್ತು. ದೊಡ್ಡ ಬದಲಾವಣೆಗೆ ಮುಂಚೆ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿರಿಸುವುದು ಕ್ಷೇಮ.

ಒಂದೇ ಗಳಿಗೆಯಲ್ಲಿ ಎರಡು ಕೀಲಿಗಳನ್ನು ಒತ್ತಿ ಕಾರ್ಯ ಸಾಧಿಸುವ ಈ ಉಪಾಯಕ್ಕೆ ಕನ್ನಡದಲ್ಲಿ ಏನೆನ್ನಬೇಕು? 'ಅಡ್ಡದಾರಿ' ಎಂದರೆ ಹಿರಿಯರು ಹುಬ್ಬೇರಿಸುತ್ತಾರೆ. ಅಡ್ಡದಾರಿ ಹಿಡಿದ ಮಗನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. 'ಒಳದಾರಿ' ಎಂಬ ಮಾತು ನನಗೆ ಹಿಡಿಸಿದೆ. ಊರಿನವರಿಗೆ ತಿಳಿದಿರುವ, ಪರಸ್ಥಳದವರಿಗೆ ಕಾಣದ, ಹೊಲದ ಬದುವಿನ ಮೇಲಿನ ದಾರಿ ಅದು. ಅಂಥ ದಾರಿಗೆ ಕೈಮರ ಇರುವುದಿಲ್ಲ. ಯಾರಾದರೂ ಕೈ ಹಿಡಿದು ತೋರಿಸಬೇಕು.

ಬೆರಳಚ್ಚು ಯಂತ್ರದ ಕಾಲದಲ್ಲಿ ಈ ಕಷ್ಟ ಇಷ್ಟು ತೀವ್ರವಾಗಿರಲಿಲ್ಲ. ಅನಂತ ಸುಬ್ಬರಾಯರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯಲ್ಲಿ ಕಷ್ಟವೇನೂ ಕಡಿಮೆಯಿರಲಿಲ್ಲ, ನಿಜ. ಆದರೆ ಕೀಲಿಯ ಮೇಲೆ ಏನಿದೆಯೋ ಅದೇ ಕಾಗದದ ಮೇಲೆ ಮೂಡುತ್ತಿತ್ತು. ಗುಟ್ಟು ಎಂಬುದಿರಲಿಲ್ಲ. ಕಲಿಸುವ ಸಂಸ್ಥೆಯಲ್ಲಿ ಗೋಡೆಗೊಂದು ನಕ್ಷೆ ತೂಗುತ್ತಿತ್ತು. ಬೆನ್ನ ಹಿಂದೆ ಗುರುಗಳು ಓಡಾಡುತ್ತಿದ್ದರು. ಗಣಕಯಂತ್ರವು ಮನೆಮನೆಗೆ ಬಂದಾಗ ನಕ್ಷೆಯೂ ಬರಲಿಲ್ಲ, ಗುರುಗಳೂ ಬರಲಿಲ್ಲ. ಪೆಟ್ಟಿಗೆ ತಂದಿಟ್ಟವನು ಹಣ ಎಣಿಸಿಕೊಂಡು ಹೋದ. ಕೀಲಿಯ ಮೇಲೆ 'ಎಚ್' ಎಂದಷ್ಟೇ ಇದೆ. ಅದರ ಹಿಂದೆ ಬದಲಿಸುವ ಶಕ್ತಿ ಅಡಗಿದೆ ಎಂದು ಹೇಳುವವರು ಯಾರು?

ಈ ವಿಷಯವನ್ನು ಕುರಿತು ವಿದ್ವಾಂಸರು ವಿಚಾರ ಮಾಡದೆ ಇಲ್ಲ. 1987ರಲ್ಲಿಯೇ ಜಾನ್ ಕ್ಯಾರಲ್ ಮತ್ತು ಮೇರಿ ಬೆತ್ ರೋಸನ್ ಎಂಬಿಬ್ಬರು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಯಂತ್ರದ ಮುಂದೆ ಕುಳಿತವನಿಗೆ ಯಂತ್ರವನ್ನು ಕಲಿಯುವ ಹಂಬಲವಿಲ್ಲ. ಎದುರಿಗಿರುವ ಕೆಲಸ ಮುಗಿಯಬೇಕು ಅಷ್ಟೇ. ಕೈಪಿಡಿಯನ್ನು ಅರ್ಧ ಗಂಟೆ ಓದಿದರೆ ಮುಂದೆ ನೂರು ಗಂಟೆ ಉಳಿಯಬಹುದು. ಆದರೆ ಆ ಅರ್ಧ ಗಂಟೆಯನ್ನು ಈ ಹೊತ್ತು ಯಾರು ಕೊಡುತ್ತಾರೆ? ಅಡುಗೆಮನೆಯಲ್ಲಿ ಮೊಂಡು ಈಳಿಗೆಯಿಂದಲೇ ವರ್ಷವಿಡೀ ಕಾಯಿಪಲ್ಯ ಹೆಚ್ಚುವ ಗೃಹಿಣಿಗೆ ಈ ಮಾತಿನ ಅರ್ಥ ಚೆನ್ನಾಗಿ ಆಗುತ್ತದೆ. ಸಾಣೆ ಹಿಡಿಸಬೇಕೆಂದು ಆಕೆಗೆ ತಿಳಿಯದೆ ಅಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿದೆ.

2005ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಡೇವಿಡ್ ಲೇನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಇದಕ್ಕಿಂತಲೂ ಸ್ವಾರಸ್ಯವಾಗಿದೆ. ಅವರು ಪ್ರಶ್ನಿಸಿದ್ದು ಹೊಸಬರನ್ನಲ್ಲ. ಬರಹದ ತಂತ್ರಾಂಶವನ್ನು ಬಳಸಿ ಪಳಗಿದ 251 ಮಂದಿಯನ್ನು. ಒಂದು ಕೆಲಸವನ್ನು ಪಟ್ಟಿಯನ್ನು ಇಳಿಸಿ ಮಾಡಬಹುದು, ಚಿತ್ರಗುಂಡಿಯನ್ನು ಒತ್ತಿ ಮಾಡಬಹುದು, ಕೀಲಿಗಳಿಂದಲೂ ಮಾಡಬಹುದು. ಮೂರರಲ್ಲಿ ಕೀಲಿಯ ದಾರಿಯೇ ವೇಗವಾದುದು. ಆದರೂ ಆ ಪಳಗಿದವರಲ್ಲಿ ಬಹುಮಂದಿ ಚಿತ್ರಗುಂಡಿಗೇ ಅಂಟಿಕೊಂಡಿದ್ದರು. ಅನುಭವವು ತಾನಾಗಿಯೇ ಮನುಷ್ಯನನ್ನು ಒಳದಾರಿಗೆ ತಂದು ನಿಲ್ಲಿಸುತ್ತದೆಂಬ ನಂಬಿಕೆ ಹುಸಿಯಾಯಿತು. ಆ ಗುಂಪಿನವರಲ್ಲೇ ಒಬ್ಬರಾದ ಕ್ಯಾಮಿಲ್ ಪೆರೆಸ್ ಮುಂದುವರಿಸಿದ ವಿಚಾರಣೆಯಲ್ಲಿ ಇನ್ನೊಂದು ಅಂಶ ಕಂಡಿತು: ಒಳದಾರಿ ಬಲ್ಲವರ ನಡುವೆ ಕೆಲಸ ಮಾಡುವವರು ತಾವೂ ಅದನ್ನು ಬಳಸುವುದು ಹೆಚ್ಚು. ಭೋಜದ ಕಾಕಾ ಮತ್ತು ಮಗಳ ಕಥೆಗೆ ಇದು ವಿದ್ವತ್ಪೂರ್ಣವಾದ ಟೀಕೆ ಎಂದಿಟ್ಟುಕೊಳ್ಳಿ.

ಹಾಗಾದರೆ ಯಂತ್ರವನ್ನು ಕಟ್ಟುವವರು ಕೈ ಕಟ್ಟಿ ಕುಳಿತಿದ್ದರೇ? ಇಲ್ಲ. ಬಗೆಬಗೆಯ ಪ್ರಯತ್ನಗಳನ್ನು ಮಾಡಿದ್ದಾರೆ. ಕೆಲವು ಸೊಗಸಾಗಿವೆ, ಕೆಲವು ನಗೆಗೀಡಾಗಿವೆ.

ನಕಲು ಮಾಡುವ, ಕತ್ತರಿಸುವ, ಅಂಟಿಸುವ ಕ್ರಮವನ್ನು ಇಂದಿನ ರೂಪಕ್ಕೆ ತಂದವರಲ್ಲಿ ಲ್ಯಾರಿ ಟೆಸ್ಲರ್ ಮುಖ್ಯರು. 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಟಿಮ್ ಮಾಟ್ ಅವರೊಡನೆ ಕೂಡಿ 'ಜಿಪ್ಸಿ' ಎಂಬ ಬರಹದ ತಂತ್ರಾಂಶವನ್ನು ರಚಿಸಿದರು. ಬಳಿಕ ಆಪಲ್ ಸಂಸ್ಥೆಯನ್ನು ಸೇರಿದರು. 2020ರ ಫೆಬ್ರವರಿಯಲ್ಲಿ ತೀರಿಕೊಂಡರು. 1983ರಲ್ಲಿ ಹೊರಬಂದ ಆಪಲ್ ಲೀಸಾ ಯಂತ್ರದಲ್ಲಿ ಅವರು ಆರಿಸಿಕೊಂಡ ನಾಲ್ಕು ಕೀಲಿಗಳನ್ನು ನಾವು ಇಂದಿಗೂ ಒತ್ತುತ್ತಿದ್ದೇವೆ: ಜ಼ೆಡ್, ಎಕ್ಸ್, ಸಿ, ವಿ. ಇವು ಕೆಳಸಾಲಿನಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿವೆ. ಬಲಗೈ ಮೌಸಿನ ಮೇಲಿರುವಾಗ ಎಡಗೈಗೆ ಎಟಕುತ್ತವೆ. ಎಕ್ಸ್ ಎಂದರೆ ಕಾಟು ಹಾಕಿದ ಗುರುತು. ವಿ ಎಂದರೆ, ಕರಡು ತಿದ್ದುವವರು ಬಿಟ್ಟುಹೋದ ಪದವನ್ನು ಸೇರಿಸಲು ಹಾಕುವ ಗುರುತನ್ನು ತಲೆಕೆಳಗು ಮಾಡಿದಂತೆ. ಸಿ ಮಾತ್ರ ಇಂಗ್ಲಿಷ್ ಪದದ ಮೊದಲಕ್ಷರ. ಇಷ್ಟು ಕಾರಣ ತಿಳಿದ ಮೇಲೆ ನಾಲ್ಕನ್ನೂ ಮರೆಯುವುದು ಕಷ್ಟ. ಇಂಗ್ಲಿಷ್ ಬಾರದ ಮಕ್ಕಳಿಗೂ ಹೀಗೆ ಕಾರಣ ಸಹಿತವಾಗಿ ಹೇಳಿಕೊಟ್ಟರೆ ಬಾಯಿಪಾಠದ ಹೊರೆ ಇಳಿಯುತ್ತದೆ.

ಕೀಲಿಯ ಮೇಲೆಯೇ ದಾರಿಯನ್ನು ಅಚ್ಚೊತ್ತಿದ ಕಾಲವೂ ಒಂದಿತ್ತು. 1976ರ ಸುಮಾರಿಗೆ ಬರ್ಕ್‌ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ 'ವಿಐ' ಎಂಬ ಸಂಪಾದಕವನ್ನು ಬರೆದರು. ಅವರೆದುರಿಗಿದ್ದ ಉಪಕರಣದ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ನಾಲ್ಕು ದಿಕ್ಕಿನ ಬಾಣಗಳ ಗುರುತುಗಳಿದ್ದುವು. ಆದುದರಿಂದ ಆ ಕೀಲಿಗಳಿಂದಲೇ ಸಾಲಿನಿಂದ ಸಾಲಿಗೆ ಚಲಿಸುವ ಏರ್ಪಾಡು ಮಾಡಿದರು. ಉಪಕರಣ ಮೂಲೆ ಸೇರಿತು, ಬಾಣಗಳು ಅಳಿಸಿಹೋದುವು, ಏರ್ಪಾಡು ಮಾತ್ರ ಉಳಿಯಿತು. ಈಗ ಆ ಸಂಪಾದಕವನ್ನು ಹೊಸದಾಗಿ ಹಿಡಿಯುವವನಿಗೆ ಈ ನಾಲ್ಕು ಅಕ್ಷರಗಳು ಯಾವ ತರ್ಕಕ್ಕೂ ಸಿಗದ ಮಂತ್ರಾಕ್ಷರಗಳು. ಕೈಮರ ಕಿತ್ತುಹೋದ ಕೂಡುರಸ್ತೆಯಲ್ಲಿ ನಿಂತಂತೆ.

ನಮ್ಮ ಮನೆಗಳಲ್ಲಿರುವ ಸಾಮಾನ್ಯ ಯಂತ್ರಕ್ಕೆ ಬರೋಣ. ಮೇಲ್ಗಡೆಯ ಪಟ್ಟಿಯನ್ನು ಕೆಳಗಿಳಿಸಿದಾಗ ಪ್ರತಿ ಆಜ್ಞೆಯ ಬಲತುದಿಯಲ್ಲಿ ಮಸುಕಾದ ಅಕ್ಷರಗಳಲ್ಲಿ ಏನೋ ಬರೆದಿರುವುದನ್ನು ನೀವು ನೋಡಿರಬಹುದು, ನೋಡಿಯೂ ಓದಿರಲಾರಿರಿ. ಅದೇ ಒಳದಾರಿಯ ವಿಳಾಸ. ಎಡಗಡೆಯ ಮಾತನ್ನು ಓದಿ ಅದನ್ನೇ ಒತ್ತಿಬಿಡುವುದರಿಂದ ಬಲಗಡೆಗೆ ಕಣ್ಣು ಹೊರಳುವುದೇ ಇಲ್ಲ. ಇನ್ನು ಚಿತ್ರಗುಂಡಿಯ ಮೇಲೆ ಮೌಸನ್ನು ಒತ್ತದೆ ಕ್ಷಣಕಾಲ ಸುಮ್ಮನೆ ನಿಲ್ಲಿಸಿದರೆ ಚಿಕ್ಕ ಚೀಟಿಯೊಂದು ಮೂಡುತ್ತದೆ. ಅದರಲ್ಲೂ ಅನೇಕ ವೇಳೆ ಕೀಲಿಯ ಹೆಸರಿರುತ್ತದೆ. ಹಾಗೆಯೇ ಆಲ್ಟ್ ಕೀಲಿ. ಹಿಂದೆ ವಿಂಡೋಸ್ ಪಟ್ಟಿಗಳಲ್ಲಿ ಪ್ರತಿ ಹೆಸರಿನ ಒಂದಕ್ಷರಕ್ಕೆ ಅಡಿಗೆರೆ ಇರುತ್ತಿತ್ತು. ಆಲ್ಟ್ ಜೊತೆಗೆ ಆ ಅಕ್ಷರ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. 2000ನೆಯ ಇಸವಿಯ ವಿಂಡೋಸಿನಲ್ಲಿ, ನೋಟಕ್ಕೆ ಅಂದಗೆಡುತ್ತದೆಂದೋ ಏನೋ, ಆಲ್ಟ್ ಒತ್ತುವವರೆಗೆ ಆ ಗೆರೆಗಳನ್ನು ಮರೆಮಾಡುವ ಪದ್ಧತಿ ತಂದರು. ಅಂದಕ್ಕಾಗಿ ಕೈಮರಕ್ಕೆ ಮುಸುಕು ಹಾಕಿದ ಈ ನಿರ್ಧಾರ ನನಗೆ ಎಂದೂ ಸರಿಕಂಡಿಲ್ಲ. 2007ರ ಆಫೀಸ್ ತಂತ್ರಾಂಶದಲ್ಲಿ ಮಾತ್ರ ಆಲ್ಟ್ ಒತ್ತಿ ಬಿಟ್ಟರೆ ಪ್ರತಿ ಗುಂಡಿಯ ಮೇಲೂ ಅಕ್ಷರದ ಪುಟ್ಟ ಚೀಟಿಗಳು ಅಂಟಿಕೊಳ್ಳುವಂತೆ ಮಾಡಿ ಆ ಲೋಪವನ್ನು ಕೊಂಚ ಸರಿಪಡಿಸಿದರು.

ಪ್ರಯತ್ನಗಳಲ್ಲಿ ನಗೆಗೀಡಾದುದು ಯಾವುದೆಂದು ಕೇಳುವಿರಾ? ಆಫೀಸ್ 97ರಲ್ಲಿ ಬಂದ ಕಾಗದ ಕಚ್ಚುವ ತಂತಿಯ ಗೊಂಬೆ. ನೀವು ಪತ್ರ ಬರೆಯಲು ತೊಡಗಿದಿರೋ ಇಲ್ಲವೋ, ಕಣ್ಣು ಮಿಟುಕಿಸುತ್ತ ಬಂದು ಸಹಾಯ ಬೇಕೇ ಎಂದು ಕೇಳುತ್ತಿತ್ತು. ಕರೆಯದೆ ಬಂದ ನೆಂಟರು ಪ್ರತಿ ತುತ್ತಿಗೂ ಉಪದೇಶ ಕೊಟ್ಟರೆ ಹೇಗಿರುತ್ತದೆ! ಜನ ರೇಗಿದರು. 2001ರ ಆವೃತ್ತಿಯಲ್ಲಿ ಅದನ್ನು ತೆರೆಮರೆಗೆ ಸರಿಸಿದರು, 2007ರಲ್ಲಿ ಬೀಳ್ಕೊಟ್ಟರು.

ಅದಕ್ಕೆ ವಿರುದ್ಧವಾಗಿ 'ಈಮ್ಯಾಕ್ಸ್' ಎಂಬ ಹಳೆಯ ಸಂಪಾದಕದ ಸಭ್ಯತೆಯನ್ನು ನೋಡಿ. ನೀವು ಒಂದು ಆಜ್ಞೆಯ ಉದ್ದ ಹೆಸರನ್ನು ಬರೆದು ಕೆಲಸ ಮಾಡಿಸಿಕೊಂಡಿರೆನ್ನಿ. ಕೆಲಸ ಮಾಡಿ ಮುಗಿಸಿದ ಮೇಲೆ, ಕೆಳಗಿನ ಸಾಲಿನಲ್ಲಿ, ಇದನ್ನೇ ಇಂಥಿಂಥ ಕೀಲಿಗಳಿಂದಲೂ ಮಾಡಬಹುದು ಎಂದು ಒಂದು ಸಣ್ಣ ಸೂಚನೆ ಕೊಟ್ಟು ಸುಮ್ಮನಾಗುತ್ತದೆ. ತಡೆಯುವುದಿಲ್ಲ, ಗದರಿಸುವುದಿಲ್ಲ. ಹೇಳಬೇಕಾದುದನ್ನು ಹೇಳಬೇಕಾದ ಗಳಿಗೆಯಲ್ಲಿ ಹೇಳುತ್ತದೆ. ಕಾರ್ಯಕ್ರಮ ಬರೆಯುವವರಲ್ಲಿ ಇಂದು ಬಳಕೆಯಲ್ಲಿರುವ ಸಂಪಾದಕಗಳಲ್ಲಿ, 2011ರ ಸುಮಾರಿಗೆ 'ಸಬ್ಲೈಮ್ ಟೆಕ್ಸ್ಟ್' ಜನಪ್ರಿಯಗೊಳಿಸಿದ ಇನ್ನೊಂದು ಉಪಾಯವಿದೆ. ಕಂಟ್ರೋಲ್, ಶಿಫ್ಟ್ ಮತ್ತು ಪಿ ಒತ್ತಿದರೆ ಒಂದು ಚೌಕ ತೆರೆಯುತ್ತದೆ. ಬೇಕಾದ ಕೆಲಸದ ಹೆಸರಿನ ಎರಡು ಮೂರು ಅಕ್ಷರ ಬರೆದರೆ ಆಜ್ಞೆಯೂ ಅದರೆದುರಿಗೇ ಕೀಲಿಯೂ ಕಾಣುತ್ತವೆ. ಒಂದೇ ಒಂದು ಒಳದಾರಿ ನೆನಪಿದ್ದರೆ ಉಳಿದೆಲ್ಲಕ್ಕೂ ಅದೇ ನಿಘಂಟು.

ಗಟ್ಟಿಯಾಗಿ ಕಲಿಸುವ ವಿಧಾನ ಯಾವುದೆಂದು 2007ರಲ್ಲಿ ಟೊರಾಂಟೋದ ಟೋವಿ ಗ್ರಾಸ್‌ಮನ್, ಪಿಯರ್ ಡ್ರಾಗಿಸೆವಿಕ್, ರವಿನ್ ಬಾಲಕೃಷ್ಣನ್ ಪ್ರಯೋಗ ನಡೆಸಿ ನೋಡಿದರು. ಎರಡು ವಿಧಾನಗಳು ಹೆಚ್ಚು ಫಲ ಕೊಟ್ಟುವು. ಪಟ್ಟಿಯಿಂದ ಆಜ್ಞೆಯನ್ನು ಆರಿಸಿದಾಗ ಅದರ ಕೀಲಿಯ ಹೆಸರನ್ನು ಯಂತ್ರವು ಧ್ವನಿಯಲ್ಲಿ ಹೇಳುವುದು ಒಂದು. ಪಟ್ಟಿಯ ಆಜ್ಞೆಯನ್ನೇ ನಿಷ್ಕ್ರಿಯಗೊಳಿಸಿ, ದಾರಿಯನ್ನು ತೋರಿಸಿ, ಕೀಲಿಯಿಂದಲೇ ಮಾಡು ಎಂದು ಹಟ ಹಿಡಿಯುವುದು ಇನ್ನೊಂದು. ಎರಡನೆಯದು ಬೆತ್ತ ಹಿಡಿದ ಹಳೆಯ ಮಾಸ್ತರರ ವಿಧಾನ. ಫಲ ಕೊಡುತ್ತದೆ, ಆದರೆ ದುಡಿದು ದಣಿದ ಗುಮಾಸ್ತರ ಮೇಲೆ ಅದನ್ನು ಪ್ರಯೋಗಿಸಬಾರದು. ಮೊದಲನೆಯದು ಅಣ್ಣನ ಮಗಳ ವಿಧಾನ.

ಇಷ್ಟು ಹೊತ್ತು ಆಜ್ಞೆಗಳ ಮಾತಾಯಿತು. ಕನ್ನಡಿಗರ ಪಾಲಿಗೆ ಇದಕ್ಕೂ ಮೊದಲಿನದೊಂದು ಗುಟ್ಟಿದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ಕೀಲಿಮಣೆಯ ಮೇಲೆ ಕನ್ನಡದ ಒಂದಕ್ಷರವೂ ಇರುವುದಿಲ್ಲ. ಇಂಗ್ಲಿಷಿನವನಿಗೆ ಕಂಟ್ರೋಲ್ ಸಹಿತವಾದ ಕೀಲಿಗಳಷ್ಟೇ ಗುಪ್ತ. ನಮಗೆ ಅ ಆ ಇ ಈಯಿಂದಲೇ ಎಲ್ಲವೂ ಗುಪ್ತ! ಅಕ್ಷರಮಾಲೆಯೇ ಒಂದು ಒಳದಾರಿಯಾಗಿಬಿಟ್ಟಿದೆ.

ಅದನ್ನು ಬಿಡಿಸಲು ಎರಡು ವ್ಯವಸ್ಥೆಗಳು ಮುಖ್ಯವಾಗಿ ಬಳಕೆಯಲ್ಲಿವೆ. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ನಾವೆಲ್ಲ ಕೆ. ಪಿ. ರಾವ್ ಎಂದು ಬಲ್ಲವರು, ರೂಪಿಸಿದ ವಿನ್ಯಾಸ ಒಂದು. ಅವರ 'ಸೇಡಿಯಾಪು' ತಂತ್ರಾಂಶವೂ, ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಅದೇ ದಾರಿಯಲ್ಲಿ ನಡೆದುವು. ಇದರಲ್ಲಿ ಇಂಗ್ಲಿಷ್ ಅಕ್ಷರದ ಧ್ವನಿಯೇ ಕೈಮರ: ಕೆ ಒತ್ತಿದರೆ ಕ, ಬಿ ಒತ್ತಿದರೆ ಬ, ಶಿಫ್ಟ್ ಸಹಿತ ಬಿ ಒತ್ತಿದರೆ ಭ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಬೇಕು. ಇಂಗ್ಲಿಷ್ ಬಲ್ಲವರಿಗೆ ಇದು ಒಂದೇ ಮಧ್ಯಾಹ್ನದ ಪಾಠ. ಆದರೆ ಕನ್ನಡಕ್ಕೆ ಹೊರಳುವ ಕೀಲಿ ಯಾವುದೆಂಬುದೇ ಹಲವರಿಗೆ ಒಗಟಾಗಿತ್ತು. ನುಡಿಯ ಹಳೆಯ ಆವೃತ್ತಿಗಳಲ್ಲಿ ಅದು ಸ್ಕ್ರೋಲ್ ಲಾಕ್. ಇತ್ತೀಚಿನ ಎಷ್ಟೋ ಮಡಿಲ ಗಣಕಗಳಲ್ಲಿ ಆ ಹೆಸರಿನ ಕೀಲಿಯೇ ಇಲ್ಲ!

ಎರಡನೆಯದು ಇನ್‌ಸ್ಕ್ರಿಪ್ಟ್. 1991ರ ಭಾರತೀಯ ಮಾನಕದಲ್ಲಿ ಸ್ಥಾನ ಪಡೆದ ಈ ವಿನ್ಯಾಸದಲ್ಲಿ ಸ್ವರಗಳು ಬಹುಮಟ್ಟಿಗೆ ಎಡಗೈಗೂ ವ್ಯಂಜನಗಳು ಬಲಗೈಗೂ ಬರುತ್ತವೆ. ಇಂಗ್ಲಿಷ್ ಧ್ವನಿಯ ಆಸರೆ ಇಲ್ಲಿಲ್ಲವಾದುದರಿಂದ ಮೊದಮೊದಲು ಕಷ್ಟವೆನಿಸುತ್ತದೆ. ಆದರೆ ಗಡಿನಾಡಿನವರು ಒಂದು ಗಳಿಗೆ ಇಲ್ಲಿ ನಿಲ್ಲಬೇಕು. ನಿಪ್ಪಾಣಿಯ ಸುತ್ತಿನಲ್ಲಿ ಒಂದೇ ಮನೆಯಲ್ಲಿ ಕನ್ನಡವೂ ಮರಾಠಿಯೂ ಆಡಲ್ಪಡುವುದು ಹೊಸದಲ್ಲ. ಭೋಜ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇನ್‌ಸ್ಕ್ರಿಪ್ಟಿನಲ್ಲಿ ಶಿಫ್ಟ್ ಹಿಡಿದು ವೈ ಒತ್ತಿದರೆ ಭ. ಎ ಒತ್ತಿದರೆ ಓಕಾರ. ಪಿ ಒತ್ತಿದರೆ ಜ. ಭಾಷೆಯನ್ನು ಮರಾಠಿಗೆ ಹೊರಳಿಸಿ ಅದೇ ಮೂರು ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿ ನೋಡಿ: ಅದೇ ಊರಿನ ಹೆಸರು ದೇವನಾಗರಿಯಲ್ಲಿ ಮೂಡುತ್ತದೆ. ಬೆರಳು ಬದಲಾಗುವುದಿಲ್ಲ, ಲಿಪಿ ಬದಲಾಗುತ್ತದೆ. ಮರಾಠಿ ಶಾಲೆಯಲ್ಲಿ ಈ ವಿನ್ಯಾಸ ಕಲಿತ ಹುಡುಗನು ಕನ್ನಡದ ಅರ್ಜಿ ಬರೆಯಲು ಹೊಸದಾಗಿ ಕಲಿಯಬೇಕಾದುದು ಹ್ರಸ್ವ ಎಕಾರ ಒಕಾರಗಳಂಥ ಕೆಲವೇ ಅಕ್ಷರಗಳು. ಎರಡು ಭಾಷೆಗಳ ನಡುವೆ ಇಷ್ಟು ಸುಲಭವಾದ ಒಳದಾರಿಯಿದೆ ಎಂಬುದನ್ನು ಆ ಹುಡುಗನಿಗೆ ಯಾರಾದರೂ ಹೇಳಿದ್ದಾರೆಯೇ? ವಾದ ವಿವಾದಗಳಲ್ಲಿ ಕಳೆದ ಹೊತ್ತಿನ ನೂರರಲ್ಲೊಂದು ಪಾಲನ್ನು ಇದಕ್ಕೆ ಕೊಟ್ಟಿದ್ದರೂ ಸಾಕಿತ್ತು ಎನಿಸುತ್ತದೆ.

ಅಕ್ಷರಗಳು ಎಲ್ಲೆಲ್ಲಿವೆ ಎಂದು ಹುಡುಕಲು ಹಣ ಕೊಟ್ಟು ಅಂಟುಚೀಟಿಗಳನ್ನು ತರಬೇಕಾಗಿಲ್ಲ. ವಿಂಡೋಸ್ 10ರಲ್ಲಿಯೂ 11ರಲ್ಲಿಯೂ ಕಂಟ್ರೋಲ್, ವಿಂಡೋಸ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯ ಮೇಲೆಯೇ ಒಂದು ಕೀಲಿಮಣೆ ತೆರೆದುಕೊಳ್ಳುತ್ತದೆ. ವಿಂಡೋಸ್ ಕೀಲಿಯೊಡನೆ ಅಂತರದ ಪಟ್ಟಿಯನ್ನು ಒತ್ತಿ ಭಾಷೆಯನ್ನು ಕನ್ನಡಕ್ಕೆ ಹೊರಳಿಸಿದಿರಾದರೆ ಆ ಮಣೆಯ ಮೇಲೆ ಕನ್ನಡದ ಅಕ್ಷರಗಳೇ ಕಾಣುತ್ತವೆ. ಶಿಫ್ಟ್ ಒತ್ತಿದರೆ ಮಹಾಪ್ರಾಣಗಳು ಎದ್ದುಬರುತ್ತವೆ. ಬೆರಳಚ್ಚು ಶಾಲೆಯ ಗೋಡೆಯ ನಕ್ಷೆ ಕಳೆದುಹೋಯಿತೆಂದೆನಲ್ಲ, ಅದು ಇಲ್ಲಿ ಕುಳಿತಿದೆ. ಕನ್ನಡದಲ್ಲಿ ಬರೆಯುತ್ತಿರುವಾಗಲೂ ನಕಲು ಮಾಡಲು ಕಂಟ್ರೋಲ್ ಸಹಿತ ಸಿ ಕೀಲಿಯೇ ಸಾಕು. ವಿಂಡೋಸಿನಲ್ಲಿ ಕಂಟ್ರೋಲ್ ಹಿಡಿದೊಡನೆ ಇಂಗ್ಲಿಷ್ ಹೆಸರುಗಳು ಮತ್ತೆ ಎಚ್ಚರಗೊಳ್ಳುತ್ತವೆ.

ಕನ್ನಡಕ್ಕೇ ವಿಶಿಷ್ಟವಾದ ಒಂದು ಸೂಕ್ಷ್ಮವನ್ನೂ ಹೇಳಿಬಿಡುತ್ತೇನೆ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಆರು: ಸ, ಅದರ ವಿರಾಮ, ತ, ಅದರ ವಿರಾಮ, ರ, ಕಡೆಗೆ ಈಕಾರ. ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಈಕಾರ ಮಾತ್ರ ಉದುರುತ್ತದೆ. ಇನ್ನೊಮ್ಮೆ ಒತ್ತಿದರೆ ರ ಹೋಗುತ್ತದೆ. ಅದೇ ಅಕ್ಷರದ ಮುಂಭಾಗದಲ್ಲಿ ನಿಂತು ಡಿಲೀಟ್ ಒತ್ತಿದರೆ ಅನೇಕ ಸಂಪಾದಕಗಳಲ್ಲಿ ಇಡೀ ಗುಚ್ಛವೇ ಒಮ್ಮೆಗೆ ಮಾಯವಾಗುತ್ತದೆ. ಗುಣಿತವನ್ನಷ್ಟೇ ತಿದ್ದಬೇಕಾದಾಗ ಹಿಂದಿನಿಂದ, ಅಕ್ಷರವನ್ನೇ ತೆಗೆಯಬೇಕಾದಾಗ ಮುಂದಿನಿಂದ. ಇದನ್ನು ಅರಿಯದೆ ಒಂದು ದೀರ್ಘಕ್ಕಾಗಿ ಪೂರ್ತಿ ಪದವನ್ನೇ ಮತ್ತೆ ಬರೆಯುವವರಿದ್ದಾರೆ.

ನಮ್ಮ ನಿಮ್ಮಂಥವರಿಗೆ ಒಳದಾರಿ ಎಂಬುದು ಸಮಯದ ಉಳಿತಾಯ. ಆದರೆ ಕಣ್ಣು ಕಾಣದವರಿಗೆ ಮೌಸ್ ಎಂಬುದೇ ನಿರುಪಯೋಗಿ. ಬಾಣದ ಗುರುತನ್ನು ತೆರೆಯ ಮೇಲೆ ನೋಡಿದರಲ್ಲವೆ ಅದನ್ನು ಆಡಿಸುವುದು? ಅವರಿಗೆ ಕೀಲಿಯೇ ಹೆದ್ದಾರಿ. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ಯುವಕರು 2006ರಲ್ಲಿ ಆರಂಭಿಸಿ, ಜೇಮ್ಸ್ ಟೆಹ್ ಅವರೊಡನೆ ಬೆಳೆಸಿದ 'ಎನ್‌ವಿಡಿಎ' ಎಂಬ ತಂತ್ರಾಂಶವು ತೆರೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ, ಉಚಿತವಾಗಿ ದೊರೆಯುತ್ತದೆ, ಅದರೊಡನೆ ಬರುವ ಧ್ವನಿಯಂತ್ರ ಕನ್ನಡವನ್ನೂ ಓದಬಲ್ಲುದು. ಅದರಲ್ಲಿ ನಾನು ಬಹಳವಾಗಿ ಮೆಚ್ಚಿದ ಏರ್ಪಾಡೊಂದಿದೆ. ಎನ್‌ವಿಡಿಎಗಾಗಿ ಮೀಸಲಾದ ಕೀಲಿಯನ್ನು, ಸಾಮಾನ್ಯವಾಗಿ ಇನ್ಸರ್ಟ್ ಕೀಲಿಯನ್ನು, ಹಿಡಿದು 1ನ್ನು ಒತ್ತಿದರೆ ಅಭ್ಯಾಸದ ಸ್ಥಿತಿ ಆರಂಭವಾಗುತ್ತದೆ. ಆಮೇಲೆ ಯಾವ ಕೀಲಿಯನ್ನು ಒತ್ತಿದರೂ ಅದರ ಹೆಸರನ್ನೂ, ಎನ್‌ವಿಡಿಎಯಲ್ಲಿ ಅದಕ್ಕೊಂದು ಕಾರ್ಯವಿದ್ದರೆ ಅದನ್ನೂ ಹೇಳುತ್ತದೆ. ಕೆಲಸವನ್ನು ಮಾತ್ರ ಮಾಡುವುದಿಲ್ಲ. ಏನಾದರೂ ಅಳಿಸಿಹೋದೀತೆಂಬ ಭಯವಿಲ್ಲದೆ ಇಡೀ ಮಣೆಯನ್ನು ತಡವಿ ನೋಡಬಹುದು. ಕಣ್ಣಿದ್ದವರ ಸಂಪಾದಕಗಳಿಗೆಲ್ಲ ಇಂಥದೊಂದು ಅಭ್ಯಾಸದ ಅಂಗಳ ಏಕಿಲ್ಲವೋ ತಿಳಿಯದು. ಹೊಸಬರನ್ನು ತಡೆಯುವುದು ಮುಖ್ಯವಾಗಿ ಆ ಭಯವೇ ಅಲ್ಲವೆ?

ಮನೆಯಲ್ಲಿ ಏನು ಮಾಡಬಹುದೆಂದು ಕೇಳುವ ಓದುಗರಿಗೆ ನನ್ನದೊಂದು ಸಣ್ಣ ಸಲಹೆ. ನೂರು ಒಳದಾರಿಗಳ ಪಟ್ಟಿಯನ್ನು ಎಲ್ಲಿಂದಲಾದರೂ ತಂದು ಗೋಡೆಗೆ ಅಂಟಿಸಬೇಡಿ. ಅದನ್ನು ಯಾರೂ ಓದುವುದಿಲ್ಲ. ಈ ವಾರ ನೀವು ಮೌಸಿನಿಂದ ಪದೇ ಪದೇ ಮಾಡಿದ ಕೆಲಸ ಯಾವುದೆಂದು ಗಮನಿಸಿ, ಆ ಒಂದರ ಬಲತುದಿಯನ್ನು ಮಾತ್ರ ಪಟ್ಟಿಯಲ್ಲಿ ಓದಿ, ಒಂದು ಚೀಟಿಯಲ್ಲಿ ಬರೆದು ತೆರೆಯ ಕೆಳಗೆ ಸಿಕ್ಕಿಸಿಡಿ. ಚೀಟಿ ನೋಡದೆ ಬೆರಳು ತಾನೇ ಹೋಗುವ ದಿನ ಅದನ್ನು ಹರಿದು ಇನ್ನೊಂದನ್ನು ಬರೆಯಿರಿ. ಒಳದಾರಿ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕುಳಿತು ನೋಡಿ. ಅವರೂ ಕೀಲಿಯನ್ನು ಒತ್ತುವಾಗ ಅದರ ಹೆಸರನ್ನು ಬಾಯಿಬಿಟ್ಟು ಹೇಳಲಿ.

ಮೊದಲ ಚೀಟಿಗೆ ಯಾವುದೆಂದು ತೋಚದಿದ್ದರೆ ಇದನ್ನು ಬರೆದುಕೊಳ್ಳಿ. ಮನೆಯ ಖರ್ಚುವೆಚ್ಚವನ್ನೋ ಹಾಲಿನ ಲೆಕ್ಕವನ್ನೋ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದಿಡುವವರು ಸಾಲಿನ ಆರಂಭದಲ್ಲಿ ಎಫ್ 5 ಕೀಲಿಯನ್ನು ಒಮ್ಮೆ ಒತ್ತಲಿ. ಆ ಹೊತ್ತಿನ ತಾರೀಖು, ಗಂಟೆ, ನಿಮಿಷ ತಾವಾಗಿಯೇ ಬಂದು ಕೂಡುತ್ತವೆ.